ಉದ್ಯಾಪನೆಗೆ ಕೊಟ್ಟ ಗಣಿತದ ಫಾಂಟು

ನಮ್ಮ ಅತ್ತೆಗೆ ಹಟ ಹೆಚ್ಚೋ ನನಗೆ ಸಿಟ್ಟು ಹೆಚ್ಚೋ ಎನ್ನುವುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ಇಬ್ಬರ ಮಾತು ಏರುತ್ತಿದ್ದ ಹಾಗೆ ನನ್ನ ಗಂಡ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು "ನಾ ತ್ವಾಟಕ್ಕ ಹೋಗಿ ಬರ್ತೇನಿ" ಎಂದು ಎದ್ದುಬಿಡುತ್ತಾರೆ. ದ್ರಾಕ್ಷಿ ಕಟಾವು ಮುಗಿದು ಬಳ್ಳಿಯಲ್ಲಿ ಎಲೆಯೂ ಇಲ್ಲದ ದಿನಗಳಲ್ಲಿ ಕೂಡ ಅವರಿಗೆ ತೋಟದಲ್ಲಿ ಕೆಲಸ ಇದ್ದೇ ಇರುತ್ತದೆ.

ನಮ್ಮ ಮನೆ ಕಾಗವಾಡದ ಬಸದಿ ಓಣಿಯಲ್ಲಿದೆ. ಪಡಸಾಲೆಯ ಕಿಟಕಿಯ ಪಕ್ಕ ನನ್ನ ಕಂಪ್ಯೂಟರು, ಅದರ ಪಕ್ಕ ಒಂದು ಪ್ರಿಂಟರು. ನಾನು ಮಾಡುವುದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಸಹಕಾರಿ ಸಂಘಗಳ ವರದಿ, ಎಲ್ಲಕ್ಕಿಂತ ಹೆಚ್ಚಾಗಿ ಶಾಲೆಗಳ ಪ್ರಶ್ನೆಪತ್ರಿಕೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮಾಸ್ತರರು ಕೈಯಲ್ಲಿ ಬರೆದದ್ದನ್ನು ಫೋಟೋ ತೆಗೆದು ಕಳಿಸುತ್ತಾರೆ, ನಾನು ಅದನ್ನು ಅಚ್ಚಿಗೆ ಸಿದ್ಧ ಮಾಡಿ ವಾಪಸು ಕಳಿಸುತ್ತೇನೆ. ನಿಪ್ಪಾಣಿ ಕಡೆಯಿಂದ ಮರಾಠಿ ಪತ್ರಿಕೆಗಳೂ ಬರುತ್ತವೆ. ಎರಡೂ ಭಾಷೆಯಲ್ಲಿ ನನಗೆ ಜಗಳ ಮಾಡಲು ಬರುತ್ತದೆ, ಹಾಗಾಗಿ ಎರಡರಲ್ಲೂ ಟೈಪು ಮಾಡಲಿಕ್ಕೆ ತೊಂದರೆಯಿಲ್ಲ.

ಇತಿಹಾಸ, ವಿಜ್ಞಾನ, ಭಾಷೆ ಇವೆಲ್ಲ ಸಲೀಸು. ತಲೆ ಕೆಡಿಸುತ್ತಿದ್ದುದು ಗಣಿತ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಮೈಕಟ್ಟು ಕೊಡುವ ಕಡತಕ್ಕೆ ಫಾಂಟು ಎನ್ನುತ್ತಾರೆ. ಕನ್ನಡಕ್ಕೆ ಒಳ್ಳೊಳ್ಳೆಯ ಫಾಂಟುಗಳಿವೆ. ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರೆ, ಅದರಿಂದಲೇ ನಾನು ಅನ್ನ ತಿನ್ನುತ್ತಿದ್ದೇನೆ. ಆದರೆ ಗಣಿತದ ಚಿಹ್ನೆಗಳು ಇಂಗ್ಲಿಷ್ ಫಾಂಟುಗಳಿಂದ ಬರುತ್ತಿದ್ದವು. ಕನ್ನಡದ ಗುಂಡು ಗುಂಡು ಅಕ್ಷರಗಳ ಪಕ್ಕದಲ್ಲಿ ಅವುಗಳ ಅಧಿಕ ಚಿಹ್ನೆ ಬಡಕಲಾಗಿ, ಉಪವಾಸ ಬಿದ್ದವರ ಹಾಗೆ ನಿಲ್ಲುತ್ತಿತ್ತು. ಭಿನ್ನರಾಶಿ ಇನ್ನೂ ಅಧ್ವಾನ. ಗೆರೆಯ ಮೇಲೆ "ಒಟ್ಟು ಮೊತ್ತ" ಎಂದು ಬರೆದರೆ ಒತ್ತಕ್ಷರಗಳು ಕೆಳಗಿಳಿದು ಗೆರೆಗೆ ಬಡಿಯುತ್ತಿದ್ದವು, ಹುಡುಗರಿಗೆ ಮೇಲಿರುವುದೇನು ಕೆಳಗಿರುವುದೇನು ಒಂದೂ ತಿಳಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒತ್ತಿಲ್ಲ, ಆದ್ದರಿಂದ ಆ ಗೆರೆ ಮಾಡಿದವರಿಗೆ ನಮ್ಮ ಕಷ್ಟ ಗೊತ್ತಾಗುವ ಹಾಗಿರಲಿಲ್ಲ. ನಾನು ಒಂದೊಂದು ಭಿನ್ನರಾಶಿಯನ್ನೂ ಕೈಯಿಂದ ಎತ್ತಿ, ಇಳಿಸಿ, ಸರಿಸಿ ಕೂಡಿಸುತ್ತಿದ್ದೆ.

ನಾನೇ ಯಾಕೆ ಚಿಹ್ನೆಗಳನ್ನು ಬಿಡಿಸಬಾರದು ಅನ್ನಿಸಿದ್ದು ನಮ್ಮ ಮನೆಯ ಒಂದು ಕೆಟ್ಟ ವರ್ಷದಲ್ಲಿ. ಆ ವರ್ಷ ನನಗೆ ಹೆಣ್ಣುಮಗು ಹುಟ್ಟಿತು, ಹೆಚ್ಚು ದಿನ ಉಳಿಯಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ, ನಾನೂ ಎತ್ತಲಿಲ್ಲ. ಬಂದವರು ಹೋದವರು ಸಮಾಧಾನ ಹೇಳಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಪರೀಕ್ಷೆಯ ದಿನಗಳು ಬಂದವು, ಪತ್ರಿಕೆಗಳು ಬಂದವು, ನಾನು ಕಂಪ್ಯೂಟರಿನ ಮುಂದೆ ಕೂತೆ. ಒಂದು ಮಧ್ಯಾಹ್ನ ಆ ಬಡಕಲು ಅಧಿಕ ಚಿಹ್ನೆಯನ್ನು ನೋಡಿ ಎಷ್ಟು ಸಿಟ್ಟು ಬಂತೆಂದರೆ, ಫಾಂಟು ಬಿಡಿಸುವ ತಂತ್ರಾಂಶವನ್ನು ಹುಡುಕಿ ಇಳಿಸಿಕೊಂಡು, ಆವತ್ತೇ ಹೊಸದೊಂದು ಬಿಡಿಸಲು ಶುರುಮಾಡಿದೆ. ಅದೂ ಯಾರೋ ಪುಕ್ಕಟೆ ಬಿಟ್ಟದ್ದೇ. ಸಿಟ್ಟು ಇರುವಷ್ಟು ಹೊತ್ತು ಬೇರೆ ಏನೂ ನೆನಪಾಗುತ್ತಿರಲಿಲ್ಲ, ಅದು ನನಗೆ ಹಿತವಾಯಿತು.

ಅತ್ತೆ ಅದೇ ಪಡಸಾಲೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದರು. ಕಡ್ಡಿ ತೆಗೆಯುವುದು, ಕರಿದಾದದ್ದನ್ನು ಬೇರೆ ಮಾಡುವುದು, ನಡುನಡುವೆ ನನ್ನ ಪರದೆಯ ಕಡೆ ಕಣ್ಣು ಹಾಯಿಸುವುದು.

"ಮುಂಜಾನಿಯಿಂದ ಎರಡು ಗೆರಿ ತಗದು ಅಳಸೂದ ನಡಸೀಯಲ್ಲ, ಏನದು?" ಎಂದು ಒಂದು ದಿನ ಕೇಳಿದರು.

"ಸಮ ಚಿಹ್ನಿರೀ ಅತ್ತ್ಯಾರ. ನಡುವಿನ ಜಾಗಾ ಸರಿ ಬರವೊಲ್ದು."

"ಸಾಲ್ಯಾಗ ನಾ ಒಂದ ನಿಮಿಷದಾಗ ಹತ್ತು ತಗೀತಿದ್ನಿ."

"ನೀವು ತಗದದ್ದು ಒಂದರಂಗ ಒಂದು ಇರ್ತಿತ್ತೇನ್ರಿ?"

"ಇರ್ತಿದ್ದಿಲ್ಲ. ಉತ್ತರ ಮಾತ್ರ ಸರಿ ಇರ್ತಿತ್ತು" ಎಂದು ನಕ್ಕರು. ಅತ್ತೆಯ ತವರು ಕೃಷ್ಣೆಯ ಹತ್ತಿರದ ದಿಗ್ಗೇವಾಡಿ. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರಂತೆ. ಲೆಕ್ಕ ಎಂದರೆ ಜೀವ ಬಿಡುತ್ತಿದ್ದೆ ಎಂದು ಈಗಲೂ ಹೇಳುತ್ತಾರೆ.

ಹೀಗೆ ವರ್ಷಗಳು ಹೋದವು. ಅಧಿಕದಿಂದ ಋಣಕ್ಕೆ, ಅಲ್ಲಿಂದ ಕಂಸಗಳಿಗೆ, ಕೋನ, ತ್ರಿಭುಜ, ವರ್ಗಮೂಲ, ಸಂಕಲನದ ದೊಡ್ಡ ಚಿಹ್ನೆಗಳಿಗೆ. ಭಿನ್ನರಾಶಿಯ ಗೆರೆ ಒತ್ತಕ್ಷರಕ್ಕೆ ತಾನೇ ಜಾಗ ಬಿಡುವ ಹಾಗೆ ಮಾಡಲು ಒಂದು ಇಡೀ ಮಳೆಗಾಲ ಹಿಡಿಯಿತು. ಅದು ಸರಿಹೋದ ದಿನ ಯಾರಿಗೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಶಾವಿಗೆ ಪಾಯಸ ಮಾಡಿದೆ. "ಇವತ್ತೇನು ಹಬ್ಬ?" ಎಂದು ನನ್ನ ಗಂಡ ಕೇಳಿದರು. "ಸುಮ್ನ ಉಣ್ಣಿರಿ" ಎಂದೆ.

ನನ್ನ ಪತ್ರಿಕೆಗಳು ಚೆನ್ನಾಗಿ ಕಾಣುತ್ತವೆ ಎಂದು ಸುತ್ತಮುತ್ತ ಗೊತ್ತಾಯಿತು. ಒಬ್ಬಿಬ್ಬರು ಮಾಸ್ತರರು, ಆ ಫಾಂಟು ನಮಗೂ ಕೊಡಿ, ನಾವೇ ಪತ್ರಿಕೆ ಮಾಡಿಕೊಳ್ಳುತ್ತೇವೆ ಎಂದರು. "ಇನ್ನಾ ಮುಗದಿಲ್ರಿ" ಎಂದು ಹೇಳಿ ಕಳಿಸಿದೆ. ಅದು ನಿಜವೂ ಹೌದು. ಆದರೆ ಅದು ಎಂದಿಗೂ ಮುಗಿಯುವ ಕೆಲಸ ಅಲ್ಲ ಎಂದು ನನಗೆ ಗೊತ್ತಿತ್ತು. ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಇನ್ನೊಬ್ಬರು ತೆಗೆದು ನೋಡಿದರೆ ನನಗೆ ಸೇರುವುದಿಲ್ಲ. ಇದಂತೂ ನಾನು ಒಂದೊಂದು ಚುಕ್ಕಿಯನ್ನೂ ಕೂತು ತಿದ್ದಿದ್ದು. ಕಂಡವರ ಕೈಗೆ ಕೊಟ್ಟು ಅವರಿಂದ ತಪ್ಪು ಹುಡುಕಿಸಿಕೊಳ್ಳುವ ಆಸೆ ನನಗೆ ಇರಲಿಲ್ಲ.

ಅಷ್ಟರಲ್ಲಿ ಅತ್ತೆಯ ರೋಹಿಣಿ ನೋಂಪಿ ಮುಗಿಯುವ ಕಾಲ ಬಂತು. ನಮ್ಮ ಜೈನರಲ್ಲಿ ವ್ರತಕ್ಕೆ ನೋಂಪಿ ಎನ್ನುತ್ತಾರೆ. ಪ್ರತಿ ತಿಂಗಳು ರೋಹಿಣಿ ನಕ್ಷತ್ರದ ದಿನ ಅತ್ತೆ ಉಪವಾಸ ಇರುತ್ತಿದ್ದರು. ಯಾತಕ್ಕೆ ಹಿಡಿದರು ಎಂದು ನಾನು ಕೇಳಿರಲಿಲ್ಲ; ಹೆಣ್ಣುಮಕ್ಕಳು ಒಂದಲ್ಲ ಒಂದು ನೋಂಪಿ ಹಿಡಿದೇ ಇರುತ್ತಾರೆ. ಹಿಡಿದದ್ದನ್ನು ಪೂರೈಸುವಾಗ ಉದ್ಯಾಪನೆ ಅಂತ ಬಸದಿಯಲ್ಲಿ ಪೂಜೆ ಮಾಡಿಸಿ ದಾನ ಕೊಡಬೇಕು. ಅದರಲ್ಲಿ ಶಾಸ್ತ್ರದಾನ ದೊಡ್ಡದು, ಎಂದರೆ ಓದುವ ಪುಸ್ತಕಗಳನ್ನು ಅಚ್ಚು ಹಾಕಿಸಿ ಹಂಚುವುದು. ಮೊದಲ ಪುಟದಲ್ಲಿ ಕೊಟ್ಟವರ ಹೆಸರು, ಅನುಕೂಲ ಇದ್ದರೆ ಫೋಟೋ.

ನಾನು ಪೂಜೆಯ ಪುಸ್ತಕವೊಂದನ್ನು ಅಚ್ಚಿಗೆ ಸಿದ್ಧಮಾಡಲು ಶುರುಮಾಡಿದ್ದೆ. ಅತ್ತೆ ಬಂದು ಹಿಂದೆ ನಿಂತರು.

"ಅದ ಪುಸ್ತಕ ಬಸ್ತ್ಯಾಗ ಕಪಾಟ ತುಂಬ ಅದಾವು" ಎಂದರು. "ಎಲ್ಲಾರೂ ಅದನ್ನ ಕೊಡತಾರ, ಯಾರೂ ಒಯ್ಯಂಗಿಲ್ಲ. ನೀ ಮಾಡೀಯಲ್ಲ, ಅದನ್ನ ಕೊಡೂಣು."

"ಯಾವುದನ್ರಿ?"

"ಆ ಲೆಕ್ಕದ ಅಕ್ಷರ. ನನ್ನ ಉದ್ಯಾಪನಿಗೆ ಅದ ಶಾಸ್ತ್ರದಾನ."

ನಾನು ತಿರುಗಿ ಕೂತೆ. ಅದು ಮುಗಿದಿಲ್ಲ ಎಂದೆ. ಅದು ಪುಸ್ತಕ ಅಲ್ಲ, ಶಾಸ್ತ್ರವಂತೂ ಅಲ್ಲವೇ ಅಲ್ಲ ಎಂದೆ. ಅತ್ತೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಪಂಡಿತರನ್ನ ಕೇಳೂಣು" ಎಂದರು. ಬಸದಿಯ ಪಂಡಿತರು ನನ್ನ ಪರ ಮಾತಾಡುತ್ತಾರೆ ಎಂಬ ಧೈರ್ಯದಿಂದ ಆಗಲಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಗಣಿತನೂ ಶಾಸ್ತ್ರನ ಐತ್ರಿ. ನಮ್ಮ ಹಿಂದಿನವರು ಅದನ್ನೂ ಬರದಾರ" ಎಂದುಬಿಟ್ಟರು.

ನನ್ನ ಗಂಡ ಮಾತ್ರ ನನ್ನ ಕಡೆಗಿದ್ದರು, ಅದೂ ಬೇರೆ ಕಾರಣಕ್ಕೆ. "ಫುಕಟ ಕೊಟ್ರ ಜನಾ ಕಿಮ್ಮತ್ತ ಮಾಡಂಗಿಲ್ಲ ಅವ್ವಾ" ಎಂದರು.

"ಫುಕಟ ಬ್ಯಾರೆ, ದಾನ ಬ್ಯಾರೆ" ಎಂದರು ಅತ್ತೆ. "ಫುಕಟ ಅಂದ್ರ ಬ್ಯಾಡಾದದ್ದನ್ನ ಕೊಡೂದು. ಈಕಿ ಅದನ್ನ ಎಷ್ಟ ಹಿಡಕೊಂಡಾಳ ನೋಡು. ಅದಕ್ಕ ಅದು ದಾನ ಆಗತೈತಿ."

ನನ್ನ ಗಂಡ ಟವೆಲ್ಲು ಹುಡುಕಿದರು.

ಒಪ್ಪಿಕೊಳ್ಳದೆ ಗತಿ ಇರಲಿಲ್ಲ. ಪ್ರಪಂಚದಲ್ಲಿ ಫಾಂಟುಗಳನ್ನು ಮುಕ್ತವಾಗಿ ಬಿಡುವವರು ಬಳಸುವ ಒಂದು ಪರವಾನಗಿ ಪತ್ರ ಇದೆ. ಅದನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಯಾರು ಬೇಕಾದರೂ ಬಳಸಬಹುದು, ಇನ್ನೊಬ್ಬರಿಗೆ ಕೊಡಬಹುದು, ಬೇಕಾದ ಹಾಗೆ ಬದಲಾಯಿಸಬಹುದು. ಬರೀ ಫಾಂಟನ್ನೇ ಇಟ್ಟುಕೊಂಡು ಮಾರುವ ಹಾಗಿಲ್ಲ. ಬದಲಾಯಿಸಿ ಹಂಚಿದವರೂ ಇದೇ ಶರತ್ತಿನಲ್ಲಿ ಹಂಚಬೇಕು.

"ಬದಲಿ ಮಾಡಬಹುದು ಅಂತ ಬರದೀಯಲ್ಲ, ಮನಸಿನಿಂದ ಬರದೀಯೇನ?" ಎಂದು ಕೇಳಿದರು.

"ಇಲ್ರಿ."

"ಇರ್ಲಿ, ಬರದಿಡು. ಮನಸು ಹಿಂದಿಂದ ಬರತೈತಿ."

ಅತ್ತೆಯ ಹೆಸರನ್ನೇ ಫಾಂಟಿಗೆ ಇಡುತ್ತೇನೆ ಎಂದರೆ ಒಪ್ಪಲಿಲ್ಲ. ದಾನಿಗಳ ಹೆಸರು ಎಲ್ಲಿ ಬರುತ್ತದೆ ಎಂದು ನಮ್ಮ ನಾದಿನಿ ಫೋನು ಮಾಡಿ ಕೇಳಿದಳು, ಎಲ್ಲೂ ಬರುವುದಿಲ್ಲ ಎಂದಾಗ ಅವಳಿಗೆ ಬಹಳ ಬೇಸರವಾಯಿತು.

ಉದ್ಯಾಪನೆಯ ದಿನ ಬೆಳಿಗ್ಗೆ ಪೂಜೆಗೆ ಹೋಗುವ ಮುಂಚೆ ಅತ್ತೆ ಮಡಿ ಸೀರೆ ಉಟ್ಟು ನನ್ನ ಪಕ್ಕ ಕೂತರು. ಎಲ್ಲರೂ ತಂತಮ್ಮ ಕೆಲಸವನ್ನು ಮುಕ್ತವಾಗಿ ಇಡುವ ಒಂದು ಜಾಲತಾಣಕ್ಕೆ ಫಾಂಟನ್ನು ಏರಿಸಿ ಸಿದ್ಧ ಮಾಡಿದ್ದೆ. ಕೊನೆಯ ಗುಂಡಿಯನ್ನು ಅತ್ತೆಯ ಬೆರಳಿನಿಂದ ಒತ್ತಿಸಿದೆ. ಒತ್ತಿ, ಕೈ ಮುಗಿದರು.

ಬಸದಿಯಲ್ಲಿ ಪೂಜೆ ಚೆನ್ನಾಗಿ ನಡೆಯಿತು. ದಾನಕ್ಕೆ ಒಂದು ವಸ್ತು ಅಂತ ಕಣ್ಣಿಗೆ ಕಾಣಬೇಕಲ್ಲ. ಫಾಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಮಣೆಯ ಮೇಲೆ ಅಕ್ಕಿ ಹರಡಿ ಅದರ ಮೇಲೆ ಇಟ್ಟಿದ್ದೆವು. ಬಂದ ಹೆಣ್ಣುಮಕ್ಕಳು ಬಗ್ಗಿ ಬಗ್ಗಿ ನೋಡಿದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಪಂಡಿತರ ಮುಂದೆ ಹಿಡಿದಾಗ ಅವರು ಸಂಕೋಚದಿಂದ ಹಿಂದೆ ಸರಿದರು.

"ನನ್ನ ಹತ್ರ ಕಂಪ್ಯೂಟರ ಇಲ್ಲಮ್ಮಾ. ನಾ ತಗೊಂಡ ಏನ ಮಾಡ್ಲಿ? ಇದನ್ನ ಬೇಕಾದವರು ತಗೋಬೇಕು" ಎಂದರು.

ಆ ಮಾತು ಅತ್ತೆಯ ತಲೆಯೊಳಗೆ ಹೊಕ್ಕುಬಿಟ್ಟಿತು.

ಇದು ಅರ್ಥವಾಗಬೇಕಾದರೆ ನಮ್ಮಲ್ಲಿಯ ಒಂದು ರೂಢಿ ಹೇಳಬೇಕು. ಊರಲ್ಲಿ ಮುನಿಗಳು ಇದ್ದಾಗ ಮನೆಮನೆಯವರು ಶುದ್ಧವಾಗಿ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಲ್ಲಿ ನಿಂತು ಅವರನ್ನು ಕರೆಯುತ್ತಾರೆ. ಅವರು ಯಾರ ಮನೆಯಲ್ಲಿ ನಿಲ್ಲುತ್ತಾರೋ ಅಲ್ಲಿ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅವರ ಆಹಾರ ಆಗುವ ತನಕ ಅತ್ತೆ ಬಾಯಿಗೆ ಏನೂ ಹಾಕುವವರಲ್ಲ. ಮಾಡಿಟ್ಟರೆ, ಕರೆದರೆ ದಾನ ಆಗಲಿಲ್ಲ. ಎದುರಿನ ಕೈ ತೆಗೆದುಕೊಂಡಾಗ ಅದು ಪೂರ್ತಿ. ಮದುವೆಯಾಗಿ ಬಂದಾಗಿನಿಂದ ನಾನೂ ಹಾಗೇ ಬಾಗಿಲಲ್ಲಿ ನಿಂತವಳು.

ಮರುದಿನ ಬೆಳಿಗ್ಗೆ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ಹೆಸರುಬೇಳೆಯ ಗಂಜಿ ಮಾಡಿ ತಾಟು ತಂದಿಟ್ಟೆ. ಅತ್ತೆ ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಯಾರರ ತಗೊಂಡ್ರೇನ?"

"ಏನ್ರಿ?"

"ದಾನ."

ನನಗೆ ನಗು ಬಂತು. ಮೊದಲು ಉಂಡುಬಿಡಿ, ತೆಗೆದುಕೊಳ್ಳುವವರು ಇವತ್ತಲ್ಲ ನಾಳೆ ತೆಗೆದುಕೊಳ್ಳುತ್ತಾರೆ ಎಂದೆ. "ಅವರು ತಗೊಂಡ ಮ್ಯಾಲ ನಾ ಉಣತೇನಿ" ಎಂದರು. ಆಗ ನಗು ನಿಂತಿತು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಒಂದು ದಿನದ ಉಪವಾಸಕ್ಕೇ ಅವರ ಮುಖ ಇಳಿದಿರುತ್ತದೆ.

ಜಾಲತಾಣದಲ್ಲಿ ಎಷ್ಟು ಜನ ಇಳಿಸಿಕೊಂಡರು ಎಂದು ತೋರಿಸುವ, ದಿನಕ್ಕೊಮ್ಮೆ ಬದಲಾಗುವ ಒಂದು ಅಂಕಿ ಇರುತ್ತದೆ. ಓಡಿಹೋಗಿ ನೋಡಿದೆ. ಒಂದು ಎಂದಿತ್ತು. "ನೋಡ್ರಿ, ಒಬ್ಬರು ತಗೊಂಡಾರ!" ಎಂದು ಕೂಗಿದೆ.

"ಯಾರು?"

ಯಾರು ಎಂದು ಯೋಚಿಸಿದಾಗ ನೆನಪಾಯಿತು. ಸರಿಯಾಗಿ ಏರಿದೆಯೋ ಇಲ್ಲವೋ ನೋಡಲು ಹಿಂದಿನ ದಿನ ನಾನೇ ಇಳಿಸಿಕೊಂಡಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನೀನ ಕೊಟ್ಟು ನೀನ ತಗೊಂಡ್ಯಾ?" ಎಂದು ಅತ್ತೆ ನಕ್ಕರು. ನಗಲು ಕೂಡ ಅವರಿಗೆ ಶಕ್ತಿ ಕಡಿಮೆಯಾಗಿತ್ತು.

ನನ್ನ ಗಂಡ ಸಾಂಗಲಿಯ ತಮ್ಮ ಚಿಕ್ಕಪ್ಪನ ಮಗನಿಗೆ ಇಳಿಸಿಕೊಳ್ಳಲು ಹೇಳುತ್ತೇನೆ ಎಂದರು. "ಮನಿಯವರು ತಗೊಂಡ್ರ ಅದು ದಾನ ಹೆಂಗ ಆಗತೈತಿ? ಒಂದು ಕಿಸೆದಾಗಿಂದ ತಗದು ಇನ್ನೊಂದು ಕಿಸೆದಾಗ ಹಾಕಿದಂಗ" ಎಂದು ಅತ್ತೆ ಅದನ್ನೂ ತಳ್ಳಿಹಾಕಿದರು. ಆಮೇಲೆ ನಾನು ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕೊಂಡಿ ಕಳಿಸಿದೆ. ರಾಯಬಾಗ, ಅಥಣಿ, ಚಿಕ್ಕೋಡಿಯ ಮಾಸ್ತರರೆಲ್ಲ ಇರುವ ಗುಂಪು. ಕೈ ಮುಗಿದ ಚಿತ್ರಗಳು, ಹೂಗುಚ್ಛದ ಚಿತ್ರಗಳು ಸಾಲಾಗಿ ಬಿದ್ದವು. ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು.

"ಎಲ್ಲಾರೂ ಕೈ ಮುಗದಾರ" ಎಂದರು. "ಯಾರೂ ಕೈ ಚಾಚಿಲ್ಲ."

ಮಧ್ಯಾಹ್ನದ ಹೊತ್ತಿಗೆ ಅವರು ಮಂಚದ ಮೇಲೆ ಮಲಗಿದ್ದರು. ಹಣೆ ಬೆವರುತ್ತಿತ್ತು. ಡಾಕ್ಟರಿಗೆ ಫೋನು ಮಾಡಿದರೆ, ಕೂಡಲೇ ಏನಾದರೂ ತಿನ್ನಿಸಿ, ಇಲ್ಲದಿದ್ದರೆ ಕರೆದುಕೊಂಡು ಬನ್ನಿ ಎಂದು ರೇಗಿದರು. ಕಾಯಿಸಿ ಸೋಸಿದ ನೀರು ಬಿಟ್ಟು ಬೇರೆ ಏನನ್ನೂ ಅತ್ತೆ ಮುಟ್ಟಲಿಲ್ಲ. ಹೊತ್ತು ಮುಳುಗಿದ ಮೇಲಂತೂ ಅವರು ನೀರನ್ನೂ ಕುಡಿಯುವವರಲ್ಲ. ಇವತ್ತು ಸಂಜೆಯೊಳಗೆ ಉಣ್ಣದಿದ್ದರೆ ಇನ್ನೊಂದು ರಾತ್ರಿ ಹಾಗೆಯೇ ಕಳೆಯಬೇಕು. ನಾನು ಕಿಟಕಿಯ ಬಿಸಿಲನ್ನು ನೋಡುತ್ತಿದ್ದೆ, ಅದು ನೆಲ ಬಿಟ್ಟು ಗೋಡೆ ಹತ್ತುತ್ತಿತ್ತು.

ಹೆದರಿಕೆಯಾದರೆ ನನಗೆ ಬರುವುದು ಸಿಟ್ಟೇ. "ಕಂಪ್ಯೂಟರಿನ್ಯಾಗ ಯಾರೂ ಬಾಗಲಕ ಬಂದು ನಿಂದ್ರಂಗಿಲ್ರಿ ಅತ್ತ್ಯಾರ!" ಎಂದು ಕೂಗಾಡಿದೆ. "ಯಾರಿಗರ ಬೇಕಾದಾಗ ಒಂದು ದಿನ ತಗೋತಾರ, ಅದು ನಮಗ ಗೊತ್ತೂ ಆಗಂಗಿಲ್ಲ. ನಿಮಗ ಏನರ ಆದ್ರ ನಾ ಆ ಫಾಂಟ ಮತ್ತ ಕಣ್ಣೆತ್ತಿ ನೋಡಂಗಿಲ್ಲ, ಹೇಳಿರ್ತೇನಿ!"

ಅತ್ತೆ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ತಣ್ಣಗಿದ್ದವು. ನಾನು ಮಂಚದ ಕಾಲ ಬಳಿ ಕೂತು ಅವರ ಪಾದ ತಿಕ್ಕತೊಡಗಿದೆ. ಯಾರಾದರೂ ಒಬ್ಬರು, ಯಾವ ಊರಿನವರಾದರೂ ಸರಿ, ಹೇಗಾದರೂ ತೆಗೆದುಕೊಳ್ಳಲಿ ಎಂದು ಬೇಡಿಕೊಂಡೆ. ಕೊಡುವುದಿಲ್ಲ ಎಂದು ಅಷ್ಟು ವರ್ಷ ಬಿಗಿಹಿಡಿದವಳು ತೆಗೆದುಕೊಳ್ಳಿ ಎಂದು ಬೇಡುವ ಹಾಗಾಯಿತು.

ಬಿಸಿಲು ಗೋಡೆಯ ಅರ್ಧಕ್ಕೆ ಬಂದಾಗ ಫೋನು ಬಂತು. ಗುರುತಿಲ್ಲದ ನಂಬರು. ಹೆಣ್ಣು ಧ್ವನಿ.

"ನಮಸ್ಕಾರ್ರೀ ಅಕ್ಕಾರ. ನಾ ಅಥಣಿ ಕಡೆ ಸತ್ತಿ ಊರಿಂದ ಮಾತಾಡಾಕತ್ತೇನ್ರಿ. ಹೈಸ್ಕೂಲಿನ್ಯಾಗ ಗಣಿತ ಕಲಸ್ತೇನ್ರಿ. ನೀವು ಗ್ರೂಪಿನ್ಯಾಗ ಒಂದು ಫಾಂಟ ಹಾಕಿದ್ರಲ್ರಿ, ಅದರಾಗ ಒಂದು ಗಡಬಡ ಐತ್ರಿ."

"ಏನ ಗಡಬಡ?" ಎಂದೆ. ನನ್ನ ಧ್ವನಿ ಆಗಲೇ ಗಡುಸಾಗಿತ್ತು.

"ವರ್ಗಮೂಲದ ಚಿಹ್ನಿ ಐತಲ್ರಿ, ಅದರ ಕೊಕ್ಕಿಗೂ ಮ್ಯಾಲಿನ ಗೆರಿಗೂ ನಡುವ ಬಿರುಕು ಬೀಳತೈತ್ರಿ. ಸ್ಕ್ರೀನಿನ್ಯಾಗ ಕಾಣಂಗಿಲ್ರಿ, ಝೆರಾಕ್ಸ ಮಾಡಿದ್ರ ಎದ್ದ ಕಾಣತೈತ್ರಿ. ನಮ್ಮ ಹುಡುಗರು ಅದನ್ನ ರೈಟ್ ಮಾರ್ಕ ಅಂದ್ರು ನೋಡ್ರಿ. ಟೀಚರ್ ಪರೀಕ್ಷಾಕ್ಕಿಂತ ಮದ್ಲ ಮಾರ್ಕ ಕೊಟ್ಟಾರ ಅಂತ ಎಲ್ಲಾರೂ ನಗಾಕತ್ತಾರ್ರಿ."

ಸಿಟ್ಟು ನನ್ನ ಮೂಗಿನ ತುದಿಗೆ ಬಂತು. ಇಲ್ಲಿ ನಮ್ಮ ಅತ್ತೆ ಪ್ರಾಣ ಹಿಡಿದು ಮಲಗಿದ್ದಾರೆ, ಅಲ್ಲಿ ಇವರು ನನ್ನ ವರ್ಗಮೂಲಕ್ಕೆ ನಗುತ್ತಿದ್ದಾರೆ. "ನಿಮ್ಮ ಝೆರಾಕ್ಸ ಮಷೀನ ಹಳೇದಿರಬೇಕು, ಮದ್ಲ ಅದನ್ನ ನೋಡ್ರಿ" ಎಂದೆ.

"ಎರಡು ಅಂಗಡ್ಯಾಗ ಮಾಡಿ ನೋಡೇನ್ರಿ ಅಕ್ಕಾರ" ಎಂದಳು ಆಕೆ, ಪಾಪ, ಮೆತ್ತಗೆ.

"ಯಾರದು?" ಅತ್ತೆ ಮಂಚದ ಮೇಲಿಂದ ಕೇಳಿದರು.

ನಾನು ಫೋನಿಗೆ ಕೈ ಅಡ್ಡ ಹಿಡಿದೆ. "ಯಾರೋ ಸತ್ತಿ ಟೀಚರು. ಫಾಂಟಿನ್ಯಾಗ ತಪ್ಪ ಐತಂತ. ಇವರಿಗೆ ಇವತ್ತ ಹೊತ್ತು ಸಿಕ್ಕೈತಿ."

ಅತ್ತೆ ಮೊಣಕೈ ಊರಿ ಎದ್ದು ಕೂತರು. "ತಪ್ಪ ಕಂಡೈತಿ ಅಂದ್ರ ತಗೊಂಡಾರ" ಎಂದರು.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಮಾನ ಪಡುವುದರಲ್ಲಿ ಅಷ್ಟು ಮುಳುಗಿದ್ದೆ. ಅತ್ತೆ ಕೈ ಚಾಚಿದರು, ನಾನು ಫೋನು ಕೊಟ್ಟೆ, ಸ್ಪೀಕರು ಹಾಕಿದೆ.

"ಯವ್ವಾ, ಅದನ್ನ ನೀವು ತಗೊಂಡೀರೇನ್ರಿ?"

"ಹೌದ್ರಿ ಅಮ್ಮಾರ, ತಗೊಂಡೇನ್ರಿ" ಎಂದಳು ಆಕೆ, ಗಾಬರಿಯಾಗಿ. "ತಗೋಬಾರದಾಗಿತ್ತೇನ್ರಿ?"

"ಅಯ್ಯ, ಹಂಗಲ್ಲ. ನೀವು ನಮ್ಮ ಪೈಕಿಯವರೇನ?"

"ಇಲ್ರಿ. ನಿಮ್ಮ ಗುರ್ತ ಇಲ್ರಿ ನನಗ."

"ಕೆಲಸಕ್ಕ ಬಂತೇನ?"

"ಬಂತಲ್ರಿ! ಒಂದು ಅಭ್ಯಾಸದ ಪತ್ರಿಕಿ ಮಾಡಿ ಹುಡುಗರಿಗೆ ಕೊಟ್ಟೇನ್ರಿ. ಭಿನ್ನರಾಶಿ ಭಾಳ ಚಂದ ಕುಂದರ್ತಾವ್ರಿ. ಇದೊಂದ ವರ್ಗಮೂಲ ಸರಿ ಆದ್ರ ನಾಳಿ ಪರೀಕ್ಷಾದ ಪತ್ರಿಕಿನೂ ಅದರಾಗ ಮಾಡತೇನ್ರಿ."

"ಇವತ್ತ ಸರಿ ಮಾಡಿ ಕಳಸ್ತಾಳ. ನೀವು ಚಂದಂಗಿರ್ರಿ ಯವ್ವಾ" ಎಂದರು ಅತ್ತೆ. ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ನನಗೆ ಕೊಟ್ಟರು. ಆಕೆ ಇನ್ನೂ "ಹಲೋ, ಹಲೋ" ಎನ್ನುತ್ತಿದ್ದಳು. ನಾನು ಅವಳಿಗೆ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಸಾರಿ ಎಂದೆ, ಥ್ಯಾಂಕ್ಸ್ ಎಂದೆ, ಸಂಜೆಯೊಳಗೆ ಕಳಿಸುತ್ತೇನೆ ಎಂದೆ.

ಬೆಳಗಿನ ಗಂಜಿಯನ್ನು ಮತ್ತೆ ಬಿಸಿ ಮಾಡಿದರೆ ಪಾರಣೆಗೆ ನಡೆಯುವುದಿಲ್ಲ. ಹೊಸದಾಗಿ ಬೇಳೆ ಹಾಕಿ ಕುದಿಸಿ, ಕೈ ಸುಟ್ಟುಕೊಂಡು, ತಾಟಿಗೆ ಹಾಕಿ ತಂದೆ. ಅತ್ತೆ ಕೈ ತೊಳೆದು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಮೊದಲ ಗುಟುಕು ತೆಗೆದುಕೊಂಡರು. ಅದು ಗಂಟಲಿನಿಂದ ಕೆಳಗಿಳಿಯುವುದನ್ನು ನೋಡಿದ ಮೇಲೆ ನನಗೆ ಮಾತು ಬಂತು.

"ಇಷ್ಟ ಹಟ ಯಾಕ್ರಿ ಅತ್ತ್ಯಾರ? ಜೀವಕ್ಕ ಏನರ ಆಗಿದ್ರ?"

ಅವರು ಇನ್ನೆರಡು ಗುಟುಕು ಕುಡಿದರು. "ಈ ನೋಂಪಿ ನಾ ಹಿಡದದ್ದು ನಿನ್ನ ಸಲುವಾಗಿ" ಎಂದರು.

ನಾನು ಕೈಯ ಸೌಟನ್ನು ನೆಲಕ್ಕಿಟ್ಟೆ.

"ಕೂಸು ಹೋದಾಗ ಹಿಡದ್ನಿ. ನೀ ಅಳಲಿಲ್ಲ, ಮಾತಾಡಲಿಲ್ಲ. ನನಗ ಭಾಳ ಅಂಜಿಕಿ ಆತು. ಈಕಿ ದುಃಖ ಕಡಿಮಿ ಆಗ್ಲಿ ಅಂತ ಬಸ್ತ್ಯಾಗ ನಿಂತು ಬೇಡಕೊಂಡ್ನಿ. ಅದರ ಮುಂದ ನೀ ಆ ಅಕ್ಷರ ತಗ್ಯಾಕ ಕುಂತಿ. ನೀ ಏನ ತಗ್ಯಾಕತ್ತಿ ಅನ್ನೂದು ನನಗ ತಿಳೀಲಿಲ್ಲ. ನಿನ್ನ ದುಃಖ ಎಲ್ಲಾ ಅದರಾಗ ಹೊಂಟೈತಿ ಅನ್ನೂದು ತಿಳೀತು. ದ್ರಾಕ್ಷಿ ಆರಿಸ್ಕೋತ ಅದನ್ನ ನೋಡ್ಕೋತ ಕುಂದರ್ತಿದ್ನಿ." ತುಟಿ ಒರೆಸಿಕೊಂಡು ಹೇಳಿದರು: "ಅದು ಯಾರಿಗೂ ಬ್ಯಾಡಾಗಿ ಮನ್ಯಾಗ ಉಳದಿದ್ರ ನನ್ನ ನೋಂಪಿ ಹೆಂಗ ಮುಗೀತಿತ್ತು ಹೇಳು. ಯಾರದರ ಕೆಲಸಕ್ಕ ಬರಬೇಕಾಗಿತ್ತು."

ಅಷ್ಟು ವರ್ಷಗಳಲ್ಲಿ ಅವರ ಮುಂದೆ ನಾನು ಅತ್ತಿರಲಿಲ್ಲ. ಆವತ್ತು ಅವರ ಮೊಣಕಾಲಿನ ಮೇಲೆ ಮುಖ ಇಟ್ಟು ಅತ್ತುಬಿಟ್ಟೆ. ನಮ್ಮ ಮಗಳು ಹೇಗಿದ್ದಳು, ಅವಳ ಕಿವಿ ಯಾರ ಹಾಗಿತ್ತು, ಎಲ್ಲ ಹೇಳಿದೆ. ಅವರೂ ಹೇಳಿದರು, ಅವಳ ಅಂಗಾಲು ನನ್ನ ಗಂಡನದರ ಹಾಗೇ ಚಪ್ಪಟೆಯಾಗಿತ್ತಂತೆ, ಅದು ನನಗೆ ಗೊತ್ತೇ ಇರಲಿಲ್ಲ. ಒಂದು ಕೈ ನನ್ನ ತಲೆಯ ಮೇಲೆ ಇಟ್ಟುಕೊಂಡು ಅವರು ಇನ್ನೊಂದು ಕೈಯಿಂದ ಗಂಜಿ ಕುಡಿಯುತ್ತಲೇ ಇದ್ದರು. ಹೊತ್ತು ಮುಳುಗಲು ಹೆಚ್ಚು ಸಮಯ ಇರಲಿಲ್ಲ.

"ಇದಕ ಉಪ್ಪ ಹಾಕಿಲ್ಲಲ್ಲ ನೀ" ಎಂದರು.

ನಾನು ಕಣ್ಣು ಒರೆಸಿಕೊಂಡು, ಉಪ್ಪು ತರಲು ಒಳಗೆ ಹೋದೆ.